ಕಂಬಳಿಯ ಮೇಲೆ ಫೋನು

ಬೀರದೇವರ ಗುಡಿಯ ಅಂಗಳದಲ್ಲಿ ಕಂಬಳಿ ಹಾಸಿದ್ದರು. ಕಂಬಳಿಯ ಮೇಲೆ ಐದು ಮಂದಿ ಪಂಚರು ಕುಳಿತಿದ್ದರು. ಅವರ ನಡುವೆ ಒಂದು ಫೋನು ಕುಳಿತಿತ್ತು. ಅದು ಬೀಳದಿರಲೆಂದು ಬೆನ್ನಿಗೆ ತೆಂಗಿನಕಾಯಿ ಇಟ್ಟಿದ್ದರು. ಮೇಲೆ ಭಂಡಾರವನ್ನೂ ಹಚ್ಚಿದ್ದರು. ದೇವರ ಅರಿಶಿನಕ್ಕೆ ನಮ್ಮ ಕಡೆ ಭಂಡಾರ ಅನ್ನುತ್ತಾರೆ. ಅದನ್ನು ಹಚ್ಚಿಸಿಕೊಂಡು ಕಂಬಳಿಯ ಮೇಲೆ ಕುಳಿತವನು ಸುಳ್ಳು ಹೇಳಬಾರದು ಎಂಬುದು ಕುರುಬರ ಪದ್ಧತಿ. ಈ ಪದ್ಧತಿ ಫೋನಿಗೂ ಉಂಟು ಎಂದು ನನಗೆ ಗೊತ್ತಾಗಿದ್ದು ಅವತ್ತೇ.

ಯಲ್ಲವ್ವ ಕಂಬಳಿಯಿಂದ ನಾಲ್ಕು ಮಾರು ದೂರ ಬಿಸಿಲಲ್ಲಿ ನಿಂತಿದ್ದಳು. ಹೆಂಗಸರು ಪಂಚರ ಕಂಬಳಿ ತುಳಿಯುವಂತಿಲ್ಲ. ನಾನು ಇನ್ನೂ ದೂರ, ಗುಡಿಯ ಗೋಡೆಯಾಚೆ, ಜಾಲಿ ಮರದ ಬುಡದಲ್ಲಿದ್ದೆ. ನಮ್ಮದು ಬೌದ್ಧರಾದ ದಲಿತರ ಓಣಿ. ಒಳಗೆ ಬರಬೇಡ ಎಂದು ನನಗೆ ಯಾರೂ ಯಾವತ್ತೂ ಹೇಳಿಲ್ಲ. ಬಾ ಎಂದೂ ಹೇಳಿಲ್ಲ. ಆದರೆ ಮರದ ನೆರಳು ಹೊರಗಿತ್ತು. ಆ ಮಟ್ಟಿಗೆ ಅವತ್ತು ನಾನೇ ಸುಖಿ.

"ಏ ಕಾಂಚನಾ, ನೆಳ್ಳು ಚಲೋ ಐತೇನ?" ಯಲ್ಲವ್ವ ತಿರುಗಿ ಕೂಗಿದಳು.

"ಭಾಳ ಚಲೋ ಐತಿ. ನಿನ್ನ ಗಂಡ ಬಂದ್ನೇನ?"

"ಇನ್ನಾ ಇಲ್ಲ. ರೇಂಜ್ ಇಲ್ಲಂತ."

"ಅಂವಗ ಏಳು ವರ್ಷದಿಂದ ರೇಂಜ್ ಇಲ್ಲ ಬಿಡು."

ಪಂಚರಲ್ಲಿ ಒಬ್ಬರು ಜೋರಾಗಿ ಕೆಮ್ಮಿದರು. ಯಲ್ಲವ್ವ ಸೆರಗು ತಲೆಗೆ ಎಳೆದುಕೊಂಡು ಒಳ್ಳೆಯ ಸೊಸೆಯ ಮುಖ ಮಾಡಿದಳು. ಆ ಮುಖ ಅವಳಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅವಳ ಗಂಡ ಮಾಳು ಕುವೈತಿನಲ್ಲಿದ್ದಾನೆ. ಮಗಳು ಕಾಜಲ್ ಅಂಬೆಗಾಲಿಡುತ್ತಿದ್ದಾಗ ಹೋದವನು. ಕುರಿಯ ಹಿಂದೆ ತಿರುಗುವುದು ಮರ್ಯಾದೆಯ ಕೆಲಸವಲ್ಲ, ಅಲ್ಲಿ ಡ್ರೈವರ್ ಆಗುತ್ತೇನೆ, ಏಸಿ ಗಾಡಿ ಎಂದು ಹೇಳಿ ಹೋದ. ಮೊದಲ ವರ್ಷ ಫೋನು ಮಾಡಿದ. ಊರಿಗೆ ಬರುವವರ ಕೈಯಲ್ಲಿ ಒಂದು ಫಾರಿನ್ ಬ್ಲಾಂಕೆಟ್ ಕಳಿಸಿದ. ನುಣ್ಣಗೆ, ದಪ್ಪಗೆ, ಮೇಲೆ ಬಾಯಿ ತೆರೆದ ಹುಲಿಯ ಚಿತ್ರ. ಆಮೇಲೆ ನಂಬರು ಬದಲಾಯಿತು. ಆ ಹುಲಿಯ ನಂತರ ಅವನಿಂದ ಈ ಕಡೆಗೆ ಏನೂ ಬರಲಿಲ್ಲ.

"ಕುರುಬರ ಮನಿಗೆ ಹುಲಿ ಕಳಿಸ್ಯಾನ ನೋಡು. ಎಂಥಾ ಶಾಣ್ಯಾ!" ಎಂದು ಯಲ್ಲವ್ವ ನಗುತ್ತಿದ್ದಳು.

ಕಾಜಲ್‌ಗೆ ಅಪ್ಪನ ಮುಖ ನೆನಪಿಲ್ಲ. ಶಾಲೆಯಲ್ಲಿ ಟೀಚರ್ ಬಾಯಿ ಅವರು, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದರೆ, "ನಮ್ಮಪ್ಪ ಬ್ಲಾಂಕೆಟ್ ಕಳಸ್ತಾನ್ರಿ" ಅಂದಿದ್ದಳಂತೆ. ತರಗತಿಯೆಲ್ಲ ನಕ್ಕಿತಂತೆ. ಅದನ್ನು ಹೇಳುವಾಗ ಯಲ್ಲವ್ವನೂ ನಕ್ಕಳು. ನಕ್ಕು, ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡಳು. ನನಗೆ ಆ ಕ್ಷಣ ಮಾಳು ಎದುರಿಗಿದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ದುಡ್ಡು ನಿಂತ ಮೇಲೆ ಅತ್ತೆ ಸಂಗವ್ವನಿಗೆ ಸೊಸೆಯ ಕಾಲ್ಗುಣ ಕಾಣತೊಡಗಿತು. ಮೈದುನ ಸೋಮನಾಥನಿಗೆ ಅವಳು ತಿನ್ನುವ ರೊಟ್ಟಿ ಕಾಣತೊಡಗಿತು. ಯಲ್ಲವ್ವ ಮಗಳನ್ನು ಎತ್ತಿಕೊಂಡು ಕುರುಬರ ಮನೆಗಳಿದ್ದ ವಸ್ತಿ ಬಿಟ್ಟಳು. ಸಂಖ ಊರಿನ ಹಾದಿಯಲ್ಲಿ ಒಂದು ದಾಳಿಂಬೆ ತೋಟದ ಪಕ್ಕ ತಗಡಿನ ಶೆಡ್ಡು ಹಿಡಿದಳು. ನಾನು ಅದೇ ತೋಟದಲ್ಲಿ ಕೂಲಿ ಮಾಡುತ್ತಿದ್ದೆ. ನಮ್ಮಿಬ್ಬರ ದೋಸ್ತಿ ಅಲ್ಲೇ ಆಯಿತು.

ದಾಳಿಂಬೆ ನಮ್ಮ ಗಡಿಸೀಮೆಯ ಜತ್ತ ತಾಲೂಕಿನಲ್ಲಿ ಚೆನ್ನಾಗಿ ಬರುತ್ತದೆ. ಮುಳ್ಳು ಅದಕ್ಕಿಂತ ಚೆನ್ನಾಗಿ ಬರುತ್ತದೆ. ಛಾಟಣಿಯ ಕಾಲದಲ್ಲಿ, ಅಂದರೆ ಟೊಂಗೆ ಕತ್ತರಿಸುವ ಕಾಲದಲ್ಲಿ, ಮೊಣಕೈವರೆಗೆ ಚರ್ಮ ಉಳಿಯುವುದಿಲ್ಲ. ಕತ್ತರಿಸಿದ ಟೊಂಗೆಗಳನ್ನು ತಲೆಯ ಮೇಲೆ ಹೊತ್ತು ಬದುವಿಗೆ ಹಾಕಬೇಕು. ಮುಳ್ಳು ಸಿಂಬೆ ದಾಟಿ ನೆತ್ತಿಗೆ ಇಳಿಯುತ್ತದೆ. ಸಂಜೆ ನಾವಿಬ್ಬರೂ ಒಬ್ಬರ ತಲೆಯಲ್ಲಿ ಒಬ್ಬರು ಮುಳ್ಳು ಹುಡುಕುತ್ತಾ ಕೂರುತ್ತಿದ್ದೆವು. ನೋಡಿದವರು ಹೇನು ಅಂದುಕೊಳ್ಳುತ್ತಿದ್ದರು.

ಒಂದು ಸಲ ಕಾಜಲ್‌ಗೆ ಜ್ವರ ಏರಿ ಇಳಿಯಲೇ ಇಲ್ಲ. ಯಲ್ಲವ್ವ ಹಟ ಬಿಟ್ಟು ಮೈದುನನ ಹತ್ತಿರ ಹೋದಳು. ಸೋಮನಾಥ ಆಗ ಒಂದು ಉಪಾಯ ಹೇಳಿದ.

"ಪೋರೀನ ನಮಗ ಕೊಟ್ಟು ಬಿಡು. ಸಾಲಿ ಗೀಲಿ ಸಾಕು. ಮರಿ ಕಾಯಾಕ ಆಗತಾಳ. ಹೊಟ್ಟಿಗಿ ನಾವು ಹಾಕತೀವಿ."

ಮರುದಿನ ಯಲ್ಲವ್ವ ಜ್ವರದ ಕೂಸನ್ನು ನನ್ನ ಅವ್ವನ ಮಡಿಲಿಗೆ ಹಾಕಿ ನನ್ನನ್ನು ಕರೆದುಕೊಂಡು ಜತ್ತಕ್ಕೆ ಹೋದಳು. ಪೋಟಗಿ ಕೇಸು ಹಾಕಿದಳು. ಬಿಟ್ಟು ಹೋದ ಗಂಡನಿಂದ ಮಕ್ಕಳ ಹೊಟ್ಟೆಬಟ್ಟೆಗೆ ಕೇಳುವುದಕ್ಕೆ ನಾವು ಮರಾಠಿಯ ಆ ಮಾತನ್ನೇ ಆಡುತ್ತೇವೆ. ಬಡವರ ಕೇಸು ನಡೆಸುವ ವಕೀಲರು ಸಿಕ್ಕರು, ವಿದ್ಯಾವತಿ ಎಂದು. ಕೇಸೇನೋ ನಿಂತಿತು. ನಡೆಯಲಿಲ್ಲ. ಪ್ರತಿ ತಾರೀಖಿಗೆ ಸೋಮನಾಥ ಬಂದು ಕೈ ಮುಗಿದು ಒಂದೇ ಮಾತು ಹೇಳುತ್ತಿದ್ದ. ಅಣ್ಣ ಎಲ್ಲಿದ್ದಾನೋ ಗೊತ್ತಿಲ್ಲ, ಕೆಲಸವೂ ಹೋಗಿದೆಯಂತೆ, ಪಾಪ. ಅಷ್ಟು ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಹೊರಗೆ ಬಂದು ವಡಾಪಾವ್ ತಿನ್ನುತ್ತಿದ್ದ.

"ಅಂವಾ ಎಲ್ಲಿ ಅದಾನ, ಏನು ದುಡೀತಾನ ಅಂತ ಅವರ ಪೈಕಿ ಒಬ್ಬರಾದ್ರೂ ಬಂದು ಹೇಳಬೇಕ್ರಿ ಯಲ್ಲವ್ವ. ನೀವು ಹೇಳಿದ್ರ ಹೇಣ್ತಿ ಸಿಟ್ಟಿಲೆ ಹೇಳ್ಯಾಳ ಅಂತಾರ" ಎಂದು ವಿದ್ಯಾವತಿಯವರು ಹೇಳಿದ್ದರು.

ಅವರ ಪೈಕಿ ಯಾರು ಬರುತ್ತಾರೆ? ಯಾರೂ ಬರಲಿಲ್ಲ. ಹೀಗೇ ಇರುವಾಗ ಒಂದು ದಿನ ಇದ್ದಕ್ಕಿದ್ದಂತೆ ಪಂಚರೇ ಯಲ್ಲವ್ವನಿಗೆ ಬುಲಾವು ಕಳಿಸಿದರು. ಅಮಾವಾಸ್ಯೆಯ ದಿನ ಗುಡಿಗೆ ಬರಬೇಕು, ಮಾಳು ಮಾತಾಡುತ್ತಾನೆ, ನ್ಯಾಯ ಹರಿಸುತ್ತೇವೆ ಎಂದು. ಏಳು ವರ್ಷ ಇಲ್ಲದ ನ್ಯಾಯ ಈಗೇಕೆ ಎದ್ದಿತೆಂದು ವಿಚಾರಿಸಿದರೆ ಸಂಗತಿ ತಿಳಿಯಿತು. ಮಾಳುವಿನ ಪಾಸ್‌ಪೋರ್ಟಿನ ಮುದ್ದತು ಮುಗಿಯುತ್ತಿತ್ತು. ಊರಲ್ಲಿ ಕೇಸು ಇದ್ದರೆ ಹೊಸದು ಸಿಗುವುದಿಲ್ಲ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಮಗಳ ನೆನಪು ಹೀಗೆ ಬಂದಿತ್ತು.

ಅದಕ್ಕೇ ಅವತ್ತು ಫೋನಿಗೆ ಕಂಬಳಿ, ಭಂಡಾರ, ಕಾಯಿ.

ಕೊನೆಗೂ ಫೋನು ಕೂಗಿತು, ವಿಡಿಯೋ ಕಾಲ್. ಸೋಮನಾಥ ಬಗ್ಗಿ ಒತ್ತಿದ. ಫೋನು ಅವನದೇ, ಹೊಚ್ಚ ಹೊಸದು. ಆವಾಜು ಪೂರ್ತಿ ಏರಿಸಿದ್ದ. ನನಗೆ ಗೋಡೆಯಾಚೆಗೂ ಎಲ್ಲ ಕೇಳಿಸುತ್ತಿತ್ತು.

"ರಾಮ್ ರಾಮ್ ಕಾಕಾ. ಎಲ್ಲರಿಗೂ ರಾಮ್ ರಾಮ್ ರಿ."

"ರಾಮ್ ರಾಮ್ ತಮ್ಮಾ. ಆರಾಮ ಅದೀಯೇನ?" ಅಂದವರು ಅಮೋಗಸಿದ್ದ ಕಾಕಾ. ಪಂಚರಲ್ಲಿ ಹಿರಿಯರು. ಹುಟ್ಟಿದ್ದು ಕುರಿದಡ್ಡಿಯಲ್ಲಿ, ಬೆಳೆದದ್ದು ಕುರಿಯ ಹಿಂದೆ. ಮನುಷ್ಯರ ಹೆಸರು ಮರೆಯುತ್ತಾರೆ, ಕುರಿಯ ಮುಖ ಮರೆಯುವುದಿಲ್ಲ. ಮಾಳು ಅವರಿಗೆ ದೂರದ ಸಂಬಂಧಿ.

"ಎಲ್ಲಿ ಆರಾಮ್ರಿ ಕಾಕಾ? ಕೆಲಸ ಹೋಗೇತಿ. ಕಂಪನಿ ಬಂದ್ ಆತು. ದೋಸ್ತನ ರೂಮಿನ್ಯಾಗ ಬಿದ್ದೀನಿ. ಅಂವಾ ಹಾಕಿದ್ದು ಉಣ್ಣೂದು, ಇಲ್ಲಂದ್ರ ಉಪಾಸ."

"ದೋಸ್ತ ಭಾಳ ಚಲೋ ಉಣಸ್ತಾನ್ರಿ. ಗಲ್ಲ ನೋಡ್ರಿ ಒಂದೀಟ" ಅಂದಳು ಯಲ್ಲವ್ವ, ನಿಂತಲ್ಲಿಂದಲೇ ಕತ್ತು ಚಾಚಿ.

"ನೀ ಸುಮ್ಕಿರ. ಕೇಳಿದಾಗ ಮಾತಾಡು" ಎಂದು ಪಂಚರು ಗದರಿಸಿದರು. ಹೊತ್ತು ನೆತ್ತಿಗೆ ಬಂದಿತ್ತು. ಅವಳು ಒಂದು ಕಾಲು ಎತ್ತಿ ಇನ್ನೊಂದು ಕಾಲಿನ ಮೇಲೆ ಇಡುತ್ತಿದ್ದುದು ನನಗೆ ಕಾಣುತ್ತಿತ್ತು. ಗುಡಿ ಎಂದು ಚಪ್ಪಲಿ ಹೊರಗೆ ಬಿಟ್ಟು ಹೋಗಿದ್ದಳು. ಅಂಗಳದ ಕಲ್ಲು ಕಾದು ಹಂಚಾಗಿತ್ತು. ಯಾರೂ ಆಕೆಗೆ ಹೊರಗಿನ ನೆರಳಿಗೆ ಹೋಗು ಅನ್ನಲಿಲ್ಲ. ಫೋನಿಗೆ ಮಾತ್ರ ಬಿಸಿಲು ತಾಗಬಾರದೆಂದು ಸೋಮನಾಥ ಟವೆಲು ಅಡ್ಡ ಹಿಡಿದಿದ್ದ.

ಮಾಳು ಕಷ್ಟ ಹೇಳಿಕೊಳ್ಳುತ್ತಾ ಹೋದ. ಅವನ ಬೆನ್ನ ಹಿಂದೆ ನೀಲಿ ತಾಡಪತ್ರಿ ಕಾಣುತ್ತಿತ್ತಂತೆ. ಪಂಚರು ಅಯ್ಯೋ ಪಾಪ ಅಂದರು. ಒಬ್ಬರು ಕಣ್ಣಿಗೆ ನೀರೂ ತಂದರು. ಅಷ್ಟರಲ್ಲಿ ಫೋನಿನೊಳಗಿಂದ ಕುರಿಯೊಂದು ಒದರಿತು.

"ಬ್ಯಾ..."

ಪಂಚರೆಲ್ಲ ಒಮ್ಮೆಗೇ ತಲೆ ಎತ್ತಿದರು. ಮೊದಲು ತಮ್ಮ ಗುಡಿಯ ಸುತ್ತ ನೋಡಿದರು. ಸುತ್ತ ಒಂದೂ ಕುರಿ ಇರಲಿಲ್ಲ. ಆಮೇಲೆ ಫೋನು ನೋಡಿದರು.

"ಏನೋ ಅದು?" ಕಾಕಾ ಕೇಳಿದರು.

"ಏನಿಲ್ರಿ ಕಾಕಾ. ಟೀವಿ."

"ಬ್ಯಾ... ಬ್ಯಾ..." ಈ ಸಲ ಹತ್ತಾರು ಕುರಿ ಸೇರಿ ಒದರಿದವು.

"ಟೀವಿ ಅಲ್ಲೋ ಮಗನ. ಅದು ಮರಿ ಕರಿಯೂ ಧ್ವನಿ. ಕೆಚ್ಚಲ ತುಂಬೇತಿ ಅದಕ." ಕಾಕಾ ಮುಂದಕ್ಕೆ ಬಗ್ಗಿದರು. ನ್ಯಾಯ, ಕೇಸು, ಪಾಸ್‌ಪೋರ್ಟು ಎಲ್ಲ ಅವರ ತಲೆಯಿಂದ ಹಾರಿಹೋಗಿದ್ದವು. "ಯಾವ ತಳೀದೋ? ಎಷ್ಟ ಅದಾವೋ?"

ನನಗೆ ಮಾಳುವಿನ ಮೇಲೆ ಎಷ್ಟು ಸಿಟ್ಟಿದ್ದರೂ ಇದನ್ನು ಹೇಳಲೇಬೇಕು. ಕುರಿಯ ಮಾತು ತಿಳಿಯುವ ಮನುಷ್ಯ ಅವನಿಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ ಅನ್ನಿಸುತ್ತದೆ. ಅವನ ಧ್ವನಿಯೇ ಬೇರೆಯಾಯಿತು.

"ನಾನೂರ ಮ್ಯಾಲ ಅದಾವ್ರಿ ಕಾಕಾ! ತಡೀರಿ, ತೋರಸ್ತೀನಿ."

ಅವನು ಎದ್ದು ತಾಡಪತ್ರಿ ಸರಿಸಿ ಹೊರಗೆ ಬಂದನಂತೆ. ಐದು ರುಮಾಲುಗಳು ಫೋನಿನ ಮೇಲೆ ಬಗ್ಗಿದವು. ನನಗೆ ಐದು ಬೆನ್ನುಗಳು ಮಾತ್ರ ಕಾಣುತ್ತಿದ್ದವು.

"ಅಬಬಬಾ! ಬಾಲ ನೋಡ್ರೋ!"

"ರೊಟ್ಟಿ ಹಂಚಿನಷ್ಟ ಅಗಲ ಐತಲ್ಲೋ!"

"ಏನ ಹಾಕತೀಯೋ ತಿನ್ನಾಕ?"

"ಬಾರ್ಲಿ ಹಾಕತೀನ್ರಿ ಕಾಕಾ. ಗೋಣಿಚೀಲಗಟ್ಲೆ ತರಸ್ತಾನ ಸೇಠ. ಎಲ್ಲಾ ನನ್ನ ಕೈಯಾಗ ಬಿಟ್ಟಾನ. ನನ್ನ ಕೈಕೆಳಗ ಇಬ್ಬರ ಆಳು ಅದಾರ. ಹ್ವಾದ ವರ್ಷ ಪಗಾರ ಹೆಚ್ಚ ಮಾಡ್ಯಾನ, ಈ ವರ್ಷಾನೂ ಮಾಡ್ಯಾನ. ಮಾಳು ಇಲ್ಲಂದ್ರ ನನ್ನ ಕುರಿ ಇಲ್ಲ ಅಂತಾನ್ರಿ!"

"ಅಣ್ಣಾ. ಏ ಅಣ್ಣಾ!" ಸೋಮನಾಥ ಚಡಪಡಿಸಿ ಫೋನಿಗೆ ಕೈ ಹಾಕಿದ. ಕಾಕಾ ಆ ಕೈಗೆ ಫಟ್ಟನೆ ಹೊಡೆದರು.

"ತಡಿಯೋ. ಬಾಲ ನೋಡಾಕತ್ತೀನಿ."

ಯಲ್ಲವ್ವ ನಗತೊಡಗಿದಳು. ಮೊದಲು ಸೆರಗಿನೊಳಗೆ, ಆಮೇಲೆ ಹೊರಗೇ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏಸಿ ಗಾಡಿ ಡ್ರೈವರ್ರ... ಯವ್ವಾ... ಇಲ್ಲೆ ಕುರಿ ಕಾಯಾಕ ನಾಚಿಕಿ ಅಂತ ವಿಮಾನ ಹತ್ತಿ ಹೋಗಿ ಅಲ್ಲೆ ಕುರಿ ಕಾಯಾಕತ್ಯಾನ!" ನಾನೂ ಜಾಲಿ ಬುಡದಲ್ಲಿ ನಕ್ಕೆ. ಫೋನಿನಲ್ಲಿ ಮಾಳುವಿನ ಮಾತು ನಿಂತಿತು. ಆಡಿದ್ದು ಏನು ಎಂದು ಅವನಿಗೆ ಆಗ ಹೊಳೆಯಿತು. ಪಂಚರಿಗೂ ಹೊಳೆಯಿತು. ಐದು ಬೆನ್ನುಗಳು ಒಂದೊಂದಾಗಿ ನೆಟ್ಟಗಾದವು.

ಯಲ್ಲವ್ವನ ನಗು ನಿಂತಿತು. ನಿಂತ ರೀತಿ ನನಗೆ ಹಿಡಿಸಲಿಲ್ಲ. ಅವಳು ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೆ ಮುಳ್ಳಿನ ಗೀರು, ಹಳೆಯವು, ಹೊಸವು. ಅಲ್ಲಿ ಅವನು ಪರರ ಕುರಿಗೆ ಚೀಲಗಟ್ಟಲೆ ಬಾರ್ಲಿ ಹಾಕುತ್ತಿದ್ದ. ಇಲ್ಲಿ ಅವನ ಮಗಳು ಶಾಲೆಯ ಖಿಚಡಿಯನ್ನು ಡಬ್ಬಿಯಲ್ಲಿ ಉಳಿಸಿ ತಂದು ಅವ್ವನಿಗೆ ಕೊಡುತ್ತಿದ್ದಳು.

ಇನ್ನೊಬ್ಬ ಪಂಚ ಗಂಟಲು ಸರಿಮಾಡಿಕೊಂಡು ಹೇಳಿದರು. "ಆತು, ಆ ಕುರಿ ಮಾತು ಬ್ಯಾರೆ. ನ್ಯಾಯದ ಮಾತು ಬ್ಯಾರೆ. ಪಂಚರು ಏನ ಹೇಳತಾರಂದ್ರ, ಯಲ್ಲವ್ವ, ನೀ ಕೇಸ ಹಿಂದಕ್ಕ ತಗೋ. ಹುಡುಗಿ ಸಂಗವ್ವನ ಹಂತ್ಯಾಕ ಇರಲಿ. ಕುಲದ ಕೂಸು, ಕುಲದಾಗ ಬೆಳೀಲಿ. ಮರಿ ಗಿರಿ ನೋಡಕೋತ ಇರತೈತಿ. ನೀ ಭಂಡಾರ ಎತ್ತಿ ಹೂಂ ಅಂದು ಬಿಡು."

ಕಾಕಾ ಭಂಡಾರದ ತಾಟು ಹಿಡಿದು ಕೈ ಚಾಚಿದರು. ಅವರ ಮುಖ ಕೆಳಗಿತ್ತು.

ಭಂಡಾರ ಎತ್ತಿದರೆ ಮುಗಿಯಿತು. ಅದನ್ನು ಎತ್ತಿ ಆಡಿದ ಮಾತನ್ನು ಆ ಜನ ಸತ್ತರೂ ಮುರಿಯುವುದಿಲ್ಲ. ಯಲ್ಲವ್ವನೂ ಆ ಜನದವಳೇ. ಕೇಸು ಹೋಗುತ್ತದೆ, ಕಾಜಲ್ ಹೋಗುತ್ತಾಳೆ.

"ಮೊದಲ ಅಂವಾ ಎತ್ತಲಿ" ಅಂದಳು ಯಲ್ಲವ್ವ.

"ಏನ?"

"ಕೆಲಸ ಇಲ್ಲ, ಉಪಾಸ ಅದೀನಿ ಅಂದ್ನಲ್ರಿ. ಭಂಡಾರ ಎತ್ತಿ ಅನ್ನಲಿ. ಆಮ್ಯಾಲ ನಾ ಎತ್ತತೀನಿ."

"ಏ ಹುಚ್ಚಿ, ಫೋನಿನ್ಯಾಗಿಂದ ಹ್ಯಾಂಗ ಎತ್ತತಾನ?"

"ಹಂಗಾರ ಸೋಮನಾಥ ಎತ್ತಲಿ. ಅಣ್ಣನ ಬದಲಿ ಕೋರ್ಟಿನ್ಯಾಗ ಅಳತಾನಲ್ರಿ, ಇಲ್ಲೂ ಎತ್ತಲಿ."

ಕಾಕಾ ತಾಟನ್ನು ಸೋಮನಾಥನ ಕಡೆ ತಿರುಗಿಸಿದರು. ಸೋಮನಾಥ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ್ರಿ ಕಾಕಾ. ಮಕ್ಳಮರಿ ಇದ್ದಾಂವ. ನನ್ನವೂ ಕುರಿ ಅದಾವ್ರಿ" ಅಂದ. ಜಡ್ಜ್ ಸಾಹೇಬರ ಎದುರು ಪ್ರತಿ ತಾರೀಖಿಗೆ ಹೇಳಿದ ಮಾತು ಬೀರದೇವರ ಎದುರು ಅವನ ಬಾಯಿಂದ ಹೊರಡಲಿಲ್ಲ.

ಯಲ್ಲವ್ವ ಮುಂದೆ ಬಂದಳು. ಕಂಬಳಿಯ ಅಂಚಿನವರೆಗೆ ಬಂದು ನಿಂತಳು.

"ಎತ್ತಾಕ ಕೈ ಇಲ್ಲದಾಂವಗ ಕುಂದ್ರಾಕ ಕಂಬಳಿ ಯಾಕ ಕೊಟ್ರಿ?"

ಪಂಚರು ಕೂತಲ್ಲೇ ಕೆಳಗಿನ ಕಂಬಳಿ ನೋಡಿಕೊಂಡರು.

"ಈ ಕಂಬಳಿ ಯಾರದು, ಗುರ್ತು ಐತೇನ್ರಿ? ನಂದು. ಬಸರಿದ್ದಾಗ ರಾಟಿ ಮುಂದ ಕುಂತು ನೂಲು ತಗದೀನಿ. ಬಟ್ಟು ಒಡದಾವ. ಹುಣಸಿಬೀಜ ಬೀಸಿ, ಕುದಿಸಿ, ಗಂಜಿ ಹಚ್ಚೀನಿ. ಮಗ ಹುಟ್ಟಲಿ ಅಂತ ನಮ್ಮತ್ತಿ ದೇವರಿಗಿ ಕಂಬಳಿ ಹರಕಿ ಹೊತ್ತಿದ್ದಳು. ಮಗಳು ಹುಟ್ಟಿದಳು. ಆದ್ರೂ ಕೊಟ್ಟೀನಿ. ನೀವು ಅದರ ಮ್ಯಾಲ ಕುಂತು ನನ್ನ ಮಗಳನ್ನ ಕೇಳತೀರೇನ?"

ಅಷ್ಟು ಹೇಳಿ ಅವಳು ಕಂಬಳಿಯ ಮೇಲೆ ಕಾಲಿಟ್ಟಳು.

ಹಾಂ ಹಾಂ ಹಾಂ ಎಂದು ಪಂಚರೆಲ್ಲ ಎದ್ದರು. ಯಲ್ಲವ್ವ ಫೋನು ಕೈಗೆತ್ತಿಕೊಂಡಳು. ಅದರ ಮೇಲಿನ ಭಂಡಾರವನ್ನು ಸೆರಗಿನಿಂದ ಒರೆಸಿದಳು. ಅದನ್ನು ತಂದು, ತಾನು ಇಷ್ಟು ಹೊತ್ತು ನಿಂತಿದ್ದ ಕಲ್ಲಿನ ಮೇಲೆ ಅಂಗಾತ ಮಲಗಿಸಿದಳು. ತಿರುಗಿ ಹೋಗಿ ಫೋನು ಇದ್ದ ಜಾಗದಲ್ಲಿ ಕಾಲು ಮಡಚಿ ಕುಳಿತಳು. ತೆಂಗಿನಕಾಯಿಗೆ ಬೆನ್ನು ಒರಗಿಸಲಿಲ್ಲ, ಅಷ್ಟೇ.

ಹೆಂಗಸು ಕುಳಿತ ಕಂಬಳಿಯ ಮೇಲೆ ಪಂಚರು ಕೂರುವಂತಿಲ್ಲ. ಐವರೂ ಇಳಿದು ಬಿಸಿಲಲ್ಲಿ ನಿಂತರು. ಅವರ ಚಪ್ಪಲಿಗಳೂ ಹೊರಗಿದ್ದವು. ಒಂದು ಗಳಿಗೆಯಲ್ಲಿ ಅವರೂ ಕಾಲು ಎತ್ತಿ ಕಾಲ ಮೇಲೆ ಇಡತೊಡಗಿದರು.

"ಕುಂದ್ರಿ ಕಾಕಾ. ಬಿಸಲು ಭಾಳ ಐತಿ" ಅಂದಳು ಯಲ್ಲವ್ವ. ಮಾತಿನಲ್ಲಿ ಮರ್ಯಾದೆಗೆ ಏನೂ ಕಡಿಮೆ ಇರಲಿಲ್ಲ.

"ಏ, ಯಾರದೀರಿ? ಬರೇ ಆಕಾಶ ಕಾಣಾಕತ್ತೈತಿ" ಎಂದು ಫೋನು ಕೂಗಿತು. "ಸೋಮ್ಯಾ! ಏ ಸೋಮ್ಯಾ!"

"ಅಲ್ಲೇ ಇರ್ರಿ. ನಾನೂ ಅಷ್ಟೊತ್ತು ಅಲ್ಲೇ ಇದ್ದೆ" ಅಂದಳು ಯಲ್ಲವ್ವ. ಆಮೇಲೆ ಪಂಚರ ಕಡೆ ತಿರುಗಿದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ. "ಕೇಸ ಹಿಂದ ತಗೊಳ್ಳಂಗಿಲ್ಲ. ಮಗಳನ್ನ ಕೊಡಂಗಿಲ್ಲ. ಆಕಿ ಸಾಲಿಗಿ ಹೋಗತಾಳ. ಹುಟ್ಟಿಸಿದಾಂವ ಹೊಟ್ಟಿಗಿ ಕಳಸ್ತಾನ. ಕಳಸೂ ಮಟಾ ನಾ ಬಿಡಂಗಿಲ್ಲ. ಭಂಡಾರ ನಾ ಎತ್ತಂಗಿಲ್ಲ. ಕಾಕಾ, ತಾಟು ನಿಮ್ಮ ಕೈಯಾಗ ಐತಿ. ಕುರಿ ಒದರಿದ್ದು ಕೇಳಿದ್ರೋ ಇಲ್ಲೋ?"

ಕಾಕಾ ಕೈಯಲ್ಲಿದ್ದ ತಾಟು ನೋಡಿದರು.

"ಯಾವ ಕುರಿ? ನಾವೇನೂ ಕೇಳಿಲ್ಲ" ಎಂದು ಇನ್ನೊಬ್ಬ ಪಂಚ ಅಂದರು.

"ನಾ ಕೇಳೀನ್ರಿ!" ಎಂದು ನಾನು ಗೋಡೆಯಾಚೆಯಿಂದ ಕೂಗಿದೆ.

"ನೀ ಯಾರ ನಡುವ ಬಾಯಿ ಹಾಕಾಕ?"

"ನಡುವ ಎಲ್ಲಿ ಅದೀನ್ರಿ? ಹೊರಗ ಅದೀನಿ. ಹೊರಗಿನ ಮಟಾ ಕೇಳೇತಿ."

ಅಷ್ಟರಲ್ಲಿ ಫೋನು ಒಮ್ಮೆ ಟುಂಯ್ ಅಂದು ಕಪ್ಪಾಯಿತು. ಬಿಸಿಲಿಗೆ ಕಾದು ಬಂದ್ ಬಿದ್ದಿತ್ತು. "ಅಯ್ಯಯ್ಯೋ, ಹೊಸಾದ್ರಿ!" ಎಂದು ಸೋಮನಾಥ ಅದನ್ನು ಎತ್ತಿಕೊಂಡು ಊದುತ್ತಾ ಓಡಿದ. ಯಲ್ಲವ್ವ ಅಲ್ಲಿ ನಿಂತಿದ್ದರ ಕಾಲು ಭಾಗ ಹೊತ್ತೂ ಅದಕ್ಕೆ ನಿಲ್ಲಲಾಗಲಿಲ್ಲ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಯಲ್ಲವ್ವನ ಜೊತೆ ವಸ್ತಿಯವರು ಮಾತು ಬಿಟ್ಟರು. ವಸ್ತಿಯ ಅಂಗಡಿಯವನು ಅವಳಿಗೆ ಸಾಮಾನು ಕೊಡುವುದು ಬಿಟ್ಟ. ಕಾಜಲ್‌ನ ಪಕ್ಕ ಕೂರಬೇಡ ಎಂದು ಮಕ್ಕಳಿಗೂ ಹೇಳಿಕೊಟ್ಟರು. ನನಗೆ ಅದೇನೂ ಹೊಸದಲ್ಲ. ಯಲ್ಲವ್ವನಿಗೆ ಹೊಸದು. ಕೆಲವು ದಿನ ಅವಳ ಹಾಸ್ಯ ಕಡಿಮೆಯಾಯಿತು. ನಮ್ಮ ಓಣಿಯ ಅಂಗಡಿಯಿಂದ ಅವಳಿಗೆ ಎಣ್ಣೆ ಬೆಲ್ಲ ತಂದು ಕೊಡುವಾಗ, "ಬಾ, ನಮ್ಮ ಕಡಿ ಬಂದಿ. ಈಗ ಹೊಂದತೈತಿ" ಎಂದು ನಾನೇ ಅವಳನ್ನು ಕಾಡುತ್ತಿದ್ದೆ.

ಅವಳು ಮತ್ತೆ ಬಾಯಿ ತುಂಬ ನಕ್ಕಿದ್ದು ಕಂಬಳಿಯ ಸುದ್ದಿ ಬಂದಾಗ. ಮೈಲಿಗೆ ಕಳೆಯಬೇಕೆಂದು ಸೋಮನಾಥ ಪಂಚರ ಕಂಬಳಿಯನ್ನು ಕುದಿಯುವ ನೀರಿಗೆ ಹಾಕಿದ್ದ. ಉಣ್ಣೆಯನ್ನು ಬಿಸಿನೀರಿಗೆ ಹಾಕಬಾರದೆಂದು ಸ್ವಂತ ತಾಯಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಹೆಂಗಸರನ್ನು ಕೇಳುವುದು ಹೇಗೆ? ಕಂಬಳಿ ಮುದುಡಿ ತೊಟ್ಟಿಲ ಹಾಸಿಗೆಯಷ್ಟಾಯಿತು. ಈಗ ಅದರ ಮೇಲೆ ಒಬ್ಬ ಪಂಚ ಕೂರಬಹುದು, ಅವನೂ ಸಣಕಲಾಗಿದ್ದರೆ.

ಮುಂದಿನ ತಾರೀಖು ಬಂತು. ನಾವಿಬ್ಬರೂ ಬೆಳಗಿನ ಎಸ್ಟಿ ಬಸ್ಸು ಹಿಡಿದು ಜತ್ತಕ್ಕೆ ಹೋದೆವು. ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ನಿಂತೆವು. ವಿದ್ಯಾವತಿಯವರು ಸಾಕ್ಷಿ ಯಾರು ಎಂದು ಕೇಳಿದರು. ನಾನು ಎಂದೆ. ಅವರು ನನ್ನನ್ನು ನೋಡಿ ತಲೆಯಾಡಿಸಿದರು.

"ಹೇಳ್ರಿ ಕಾಂಚನ. ಆದ್ರ ನೀವು ಗೆಳತಿ, ಗ್ವಾಡಿ ಹೊರಗ ನಿಂತಿದ್ರಿ, ಫೋನ ಕಣ್ಣಿಲೆ ಕಂಡಿಲ್ಲ ಅಂತ ಅವರು ತಕರಾರ ಎತ್ತತಾರ."

ನನ್ನ ಮೈಯೆಲ್ಲ ಉರಿಯಿತು. ಒಳಗೆ ಬಿಡದವರೂ ಅವರೇ, ಒಳಗಿರಲಿಲ್ಲ ಅನ್ನುವವರೂ ಅವರೇ. ಯಲ್ಲವ್ವ ನನ್ನ ಕೈ ಹಿಡಿದುಕೊಂಡಳು. ಇವತ್ತೂ ಆಗದಿದ್ದರೆ ಕೇಸು ಬಿದ್ದೇ ಹೋಗಬಹುದು ಎಂದು ವಕೀಲರು ಮೊದಲೇ ಹೇಳಿದ್ದರು.

ಆಗ ಗೇಟಿನಲ್ಲಿ ಅಮೋಗಸಿದ್ದ ಕಾಕಾ ಕಂಡರು. ತಲೆಗೆ ರುಮಾಲು, ಹೆಗಲಿಗೆ ಅವರದೇ ಕರಿಯ ಕಂಬಳಿ, ಕೈಯಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಚೀಲ. ಸೋಮನಾಥ ಓಡಿ ಹೋಗಿ ಅವರ ಕಾಲು ಮುಟ್ಟಿದ. ಅವರು ಅವನನ್ನು ದಾಟಿ ನಮ್ಮ ಕಡೆ ಬಂದರು. ಬಂದವರೇ ಚೀಲವನ್ನು ನೆಲಕ್ಕೆ ಬಡಿದರು.

"ನೋಡು, ನಿನ್ನ ಗಂಡ ಏನ ಕಳಿಸ್ಯಾನ ನೋಡು. ಬಾಯಿ ಮುಚ್ಚಾಕ ಕಳಿಸ್ಯಾನ. ನನಗ!"

ಯಲ್ಲವ್ವ ಬಗ್ಗಿ ಚೀಲದೊಳಗೆ ಇಣುಕಿದಳು. ಫಾರಿನ್ ಬ್ಲಾಂಕೆಟ್. ಈ ಸಲ ಸಿಂಹ.

"ಪಿಲಾಸ್ಟಿಕ್ ಕಂಬಳಿ! ಹುಟ್ಟಿದಾಗಿಂದ ಉಣ್ಣಿ ಹೊತ್ತಾಂವ ನಾ. ನನಗ ಪಿಲಾಸ್ಟಿಕ್ ಹೊಚ್ಚತಾನೇನ ಅಂವಾ!" ಕಾಕಾ ಗಡ್ಡ ನಡುಗಿಸಿದರು. ಆಮೇಲೆ ಧ್ವನಿ ಇಳಿಸಿದರು. "ನಿನ್ನ ಸಲುವಾಗಿ ಬಂದೀನಿ ಅಂತ ತಿಳೀಬ್ಯಾಡ. ಅವತ್ತ ತಾಟು ಹಿಡದು ಸುಮ್ಕ ನಿಂತೆ. ಅವತ್ತಿಂದ ನಿದ್ದಿ ಹತ್ತವಲ್ದು. ಕುರಿ ಒದರಿದಂಗ ಆಗತೈತಿ."

"ಕೆಚ್ಚಲ ತುಂಬಿರಬೇಕ್ರಿ" ಅಂದಳು ಯಲ್ಲವ್ವ.

ಕಾಕಾ ಅವಳನ್ನು ದುರುಗುಟ್ಟಿ ನೋಡಿದರು. ಮೀಸೆಯ ಕೆಳಗೆ ಏನೋ ಅಲುಗಿತು. ಹೆಗಲ ಕಂಬಳಿ ತೆಗೆದು ಒದರಿ ಬೇವಿನ ಬುಡಕ್ಕೆ ಹಾಸಿದರು. ಒಂದು ಅಂಚಿಗೆ ತಾವು ಕುಳಿತರು.

"ಕುಂದರ. ಹೆಸರ ಕರೀಯೂ ಮಟಾ ನಿಂದರತಿಯೇನ?"

ಯಲ್ಲವ್ವ ಕುಳಿತಳು. ಕಾಕಾ ನನ್ನ ಕಡೆ ನೋಡಿದರು. ನೋಡಿ, ಬೇರೆ ಕಡೆ ನೋಡಿದರು. ಅವರು ನನ್ನನ್ನು ಕರೆಯಲಿಲ್ಲ.

ನಾನು ಕುಳಿತೆ.

ಕಾಕಾ ಸರಿದುಕೊಳ್ಳಲಿಲ್ಲ. ಎದ್ದೂ ಹೋಗಲಿಲ್ಲ. ಉಣ್ಣೆ ಸೀರೆಯ ಒಳಗೂ ಚುಚ್ಚುತ್ತಿತ್ತು. ಇಷ್ಟು ಚುಚ್ಚುವ ವಸ್ತುವಿನ ಮೇಲೆ ಕೂರಲು ಇವರು ಇಷ್ಟು ಜನರನ್ನು ಹೊರಗೆ ನಿಲ್ಲಿಸಿದರಲ್ಲ ಎಂದು ನನಗೆ ನಗು ಬಂತು. ನಾನು ಕಾಲು ಚಾಚಿ ಇನ್ನಷ್ಟು ಆರಾಮವಾಗಿ ಕುಳಿತೆ.

ಒಳಗಿನಿಂದ ಕೋರ್ಟಿನ ಜವಾನ, ಪಟ್ಟೇವಾಲಾ, ಹೊರಗೆ ಬಂದು ಕೂಗಿದ. ಯಲ್ಲವ್ವನ ಹೆಸರು ಕೂಗಿದ. ಯಲ್ಲವ್ವ ಎದ್ದಳು. ಆಮೇಲೆ ಮಾಳುವಿನ ಹೆಸರು ಕೂಗಿದ. ಹಾಜರ್ ಇದ್ದಾನೇನು ಎಂದು ಮತ್ತೆ ಕೂಗಿದ. ಪ್ರತಿ ಸಲ ನಮ್ಮ ಕೇಸು ಸಾಯುತ್ತಿದ್ದುದು ಇಲ್ಲಿಯೇ. ಸೋಮನಾಥ ಆಗಲೇ ಕೈ ಮುಗಿದು, ಅಳುವ ಮುಖ ಮಾಡಿಕೊಂಡು ಮುಂದೆ ಹೊರಟಿದ್ದ.

ಕಾಕಾ ಎದ್ದರು. ಕಂಬಳಿಯನ್ನು ನನ್ನ ಕೆಳಗೇ ಬಿಟ್ಟರು. ರುಮಾಲು ಸರಿಮಾಡಿಕೊಂಡು ಪಟ್ಟೇವಾಲಾನ ಎದುರು ಹೋಗಿ ನಿಂತು, ಅಡವಿಯಲ್ಲಿ ಕುರಿ ಕರೆಯುವ ಗಂಟಲಲ್ಲಿ ಹೇಳಿದರು:

"ಅಂವಾ ಬಂದಿಲ್ರಿ. ಅಂವನ ಕುರಿ ಒದರಿದ್ದು ಕೇಳಿದಾಂವ ಬಂದೀನಿ."